ಸಾಹೇಬರ ಕಿವಿ

"ನಿಮ್ಮೆಲ್ಲರ ಅಭಿಪ್ರಾಯ ಕೇಳೋಣ ಅಂತಲೇ ಈ ಮೀಟಿಂಗ್ ಕರೆದಿದ್ದೇನೆ" ಎಂದು ಶುರುಮಾಡುವ ಸಾಹೇಬರು ಮುಂದಿನ ಒಂದು ಗಂಟೆ ತಮ್ಮ ಅಭಿಪ್ರಾಯವನ್ನೇ ಹೇಳುತ್ತಾರೆ. ಬಾಗಿಲಲ್ಲಿ ಕಾಫಿ, ವಡೆ ಕಾಣಿಸಿಕೊಂಡ ಮೇಲೆ, "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಎನ್ನುತ್ತಾರೆ. ಬಿಸಿ ವಡೆ ಎದುರಿಗಿರುವಾಗ ಮಾತಿಗೆ ಬಾಯಿ ತೆರೆಯುವವನು ಸಾಹೇಬರಿಗಿಂತ ಮೊದಲು ಸಹೋದ್ಯೋಗಿಗಳ ಕೋಪಕ್ಕೆ ತುತ್ತಾಗುತ್ತಾನೆ. ಹಾಗಾಗಿ ಎಲ್ಲರೂ ಸುಮ್ಮನಿರುತ್ತಾರೆ. ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ದಾಖಲಾಗುತ್ತದೆ.

ನಾನು ನೌಕರಿಯಲ್ಲಿ ಕಂಡ ಸಾಹೇಬರೆಲ್ಲ ಕಿವಿ ಇದ್ದವರೇ. ಕೆಲವರು "ಹೇಳ್ರೀ, ಕೇಳಿಸ್ಕೋತಿದೀನಿ" ಎನ್ನುತ್ತ ಹೆಬ್ಬೆರಳಲ್ಲಿ ವಾಟ್ಸಾಪ್ ತಳ್ಳುತ್ತಿರುತ್ತಾರೆ. ನಾವು ಲೆಕ್ಕದಲ್ಲಿ ಬಿದ್ದ ಖೋತಾ ವಿವರಿಸುವಾಗ ಅವರ ಮುಖದಲ್ಲಿ ಮುಗುಳ್ನಗೆ ಅರಳುತ್ತದೆ. ಆ ನಗೆ ನಮಗಲ್ಲ. ಇನ್ನು ಕೆಲವರು ನಮ್ಮ ವಾಕ್ಯವನ್ನು ತಾವೇ ಮುಗಿಸಿಕೊಡುವ ಉಪಕಾರಿಗಳು. ಅಂಥವರೊಬ್ಬರ ಚೇಂಬರಿಗೆ ಒಂದು ದಿನ ನಮ್ಮ ಅಟೆಂಡರ್ ಓಡಿಬಂದ.

"ಸಾರ್, ರೆಕಾರ್ಡ್ ರೂಮಲ್ಲಿ ನೀರು..."

"ಗೊತ್ತಾಯ್ತಪ್ಪ. ಕ್ಯಾನಿಗೆ ಫೋನ್ ಮಾಡಿಸಿದೀನಿ, ಮಧ್ಯಾಹ್ನ ಬರುತ್ತೆ."

"ಅದಲ್ಲ ಸಾರ್, ಪೈಪು..."

"ಪೈಪಿನ ನೀರು ಕುಡೀಬೇಡಿ ಅಂತ ಸರ್ಕ್ಯುಲರ್ ಹಾಕಿದೀನಲ್ಲ!"

ಮಧ್ಯಾಹ್ನ ಕ್ಯಾನು ಬಂತು. ಅಷ್ಟರಲ್ಲಿ ಹಳೆಯ ಕಡತಗಳು ಅದನ್ನು ಎದುರುಗೊಳ್ಳಲು ಕಾರಿಡಾರಿನವರೆಗೆ ತೇಲಿ ಬಂದಿದ್ದವು. ಸಂಜೆ ತುರ್ತು ಸಭೆ. "ಇಷ್ಟೆಲ್ಲ ಆಗೋವರೆಗೂ ನನಗೆ ಯಾರೂ ಯಾಕೆ ಹೇಳಲಿಲ್ಲ?" ಅಟೆಂಡರ್ ನಮ್ಮ ಮುಖ ನೋಡಿ ಲೋಟ ತೊಳೆಯಲು ಹೋದ. ಅಂದಿನಿಂದ ಅವನು ಕೆಟ್ಟ ಸುದ್ದಿ ಒಯ್ಯುವುದನ್ನೇ ಬಿಟ್ಟ. ಕೆಟ್ಟ ಸುದ್ದಿ ನಿಂತದ್ದನ್ನು ಕಂಡ ಸಾಹೇಬರು ಆಡಳಿತ ಸುಧಾರಿಸಿದೆ ಎಂದು ಮೇಲಿನವರಿಗೆ ವರದಿ ಬರೆದರು.

ಪೂರ್ತಿ ಕೇಳಿಸಿಕೊಳ್ಳುವವರಿಂದ ಆಗುವ ಕಷ್ಟವೇ ಬೇರೆ. ಉದ್ಯೋಗಪರ್ವದಲ್ಲಿ ನಿದ್ದೆ ಬಾರದ ಧೃತರಾಷ್ಟ್ರ ವಿದುರನನ್ನು ಕರೆಸಿಕೊಂಡು ರಾತ್ರಿಯಿಡೀ ನೀತಿ ಕೇಳುತ್ತಾನೆ. ನೀನು ಹೇಳಿದ್ದೆಲ್ಲ ಸರಿ, ಆದರೆ ದುರ್ಯೋಧನ ಎದುರಿಗೆ ಬಂದರೆ ಮನಸ್ಸು ತಿರುಗಿಬಿಡುತ್ತದೆ ಎಂದು ಒಪ್ಪಿಯೂ ಕೊಳ್ಳುತ್ತಾನೆ. ಕೇಳಿದ್ದು ವಿದುರನ ಮಾತು, ನಡೆದದ್ದು ಮಗನ ಮಾತು. "ನಿಮ್ಮ ಸಲಹೆ ಬಹಳ ಚೆನ್ನಾಗಿದೆ, ನೋಡೋಣ" ಎನ್ನುವ ಅಧಿಕಾರಿಗಳನ್ನು ಕಂಡಾಗ ನನಗೆ ಹಸ್ತಿನಾವತಿಯಲ್ಲೇ ನೌಕರಿ ಸಿಕ್ಕಂತೆ ಅನ್ನಿಸುತ್ತದೆ.

ಕೇಳುವ ದೊಡ್ಡವರು ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. 1881ರಲ್ಲಿ ಮೈಸೂರಿನ ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ದಸರೆಗೆ ಸಂಸ್ಥಾನದ ನಾನಾ ಕಡೆಯಿಂದ 144 ಪ್ರತಿನಿಧಿಗಳನ್ನು ಕರೆಸಿ, ಸರ್ಕಾರ ಏನು ಮಾಡಿದೆಯೆಂದು ವರದಿ ಒಪ್ಪಿಸಿ, ಅವರ ಅಹವಾಲು ಕೇಳುವ ಏರ್ಪಾಡು ಅದು. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ, ಹೇಳುವ ಅಧಿಕಾರವಿತ್ತು. ಅಟೆಂಡರನ ಒಂದು ವಾಕ್ಯ ಮುಗಿಯುವಷ್ಟು ತಾಳ್ಮೆಯಿಲ್ಲದವರು, ದಸರೆಯ ಸಡಗರದ ನಡುವೆ 144 ಜನರ ದೂರಿಗೆ ಕಿವಿಗೊಟ್ಟ ದಿವಾನರನ್ನು ಒಮ್ಮೆ ನೆನೆಯಬೇಕು.

ದಿವಾನಗಿರಿಯ ಕಾಲ ಹೋಯಿತು ಎನ್ನುವವರು ನಮ್ಮ ಸೇನೆಯನ್ನು ನೋಡಬಹುದು. ಕೋರ್ಟ್ ಮಾರ್ಷಲ್‌ನಲ್ಲಿ ತೀರ್ಪಿನ ಬಗ್ಗೆ ಸದಸ್ಯರ ಅಭಿಪ್ರಾಯ ಕೇಳುವಾಗ ಎಲ್ಲರಿಗಿಂತ ಕೆಳ ದರ್ಜೆಯ ಅಧಿಕಾರಿಯಿಂದಲೇ ಆರಂಭ. ಹಿರಿಯರು ಮೊದಲು ಬಾಯಿ ಬಿಟ್ಟರೆ ಮಿಕ್ಕವರಿಗೆ "ಹೌದು ಸರ್" ಎನ್ನುವುದಷ್ಟೇ ಉಳಿಯುತ್ತದೆ ಎಂಬುದು ಬಂದೂಕು ಹಿಡಿದವರಿಗೂ ಗೊತ್ತು. ಪೆನ್ನು ಹಿಡಿದವರಿಗೆ ಗೊತ್ತಾಗಲು ಏನು ಕಷ್ಟ?

ಆದ್ದರಿಂದ ಸಾಹೇಬರೇ, ಮುಂದಿನ ಮೀಟಿಂಗನ್ನು ಹೊಸದಾಗಿ ಸೇರಿದ ಗುಮಾಸ್ತನಿಂದ ಶುರುಮಾಡಿಸಿ. ನೀವು ಕೊನೆಗೆ ಮಾತಾಡಿ. ಅಷ್ಟು ಹೊತ್ತಿಗೆ ಹೇಳಲು ನಿಮಗೇನೂ ಉಳಿದಿಲ್ಲವೆಂದರೆ ಮೀಟಿಂಗ್ ಚೆನ್ನಾಗಿ ನಡೆದಿದೆ ಎಂದೇ ತಿಳಿಯಿರಿ.