ಕಾಫಿಗೆ ಮೂರು ದೇಶ, ಬಿಲ್ಲಿಗೆ ಒಂದೇ

ಕುವೆಂಪು ಹೆಸರಿಟ್ಟ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಸ್ನೇಹ ಸಂಪಾದಿಸಲು ಇಂಗ್ಲಿಷ್ ವ್ಯಾಕರಣವೇನೂ ಬೇಕಿಲ್ಲ. ನಾವು ಶಾಲೆಯ ಭೂಪಟದಲ್ಲಿ ಬಣ್ಣ ಬಳಿದು ಮರೆತ ಇರಾನ್, ಯೆಮೆನ್, ಇಥಿಯೋಪಿಯಾಗಳೆಲ್ಲ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುತ್ತ ನಿಂತಿರುತ್ತವೆ.

ನಮ್ಮವರ ಮೊದಲ ಪ್ರಶ್ನೆ, ‘ಊಟ ಆಯ್ತಾ?’ ಆಮೇಲೆ, ‘ಮದುವೆ?’ ಅದಾದ ಮೇಲೆ, ‘ಸ್ಕಾಲರ್‌ಶಿಪ್ ಎಷ್ಟು ಬರುತ್ತೆ?’ ಯುರೋಪಿನವರಾದರೆ ಬೆಚ್ಚಿಬಿದ್ದಾರು. ಇಥಿಯೋಪಿಯಾದವನು ಎಲ್ಲಕ್ಕೂ ನಿಧಾನವಾಗಿ ಉತ್ತರ ಕೊಟ್ಟು, ನಮ್ಮ ಅಪ್ಪ, ಅಮ್ಮ, ಅಕ್ಕ, ಭಾವನ ಕ್ಷೇಮವನ್ನೂ ತಿರುಗಿ ವಿಚಾರಿಸುತ್ತಾನೆ. ದೋಸೆ ಕಂಡರೆ ಅವನಿಗೆ ಅಚ್ಚರಿಯೂ ಇಲ್ಲ. ಟೆಫ್ ಹಿಟ್ಟು ಹುಳಿ ಬರಿಸಿ ಇಂಜೆರಾ ಹುಯ್ಯುವ ದೇಶದವನಲ್ಲವೇ!

ಇರಾನಿನವನು ಮಾತ್ರ ಕಷ್ಟ. ಏನು ಕೊಟ್ಟರೂ ಮೊದಲು ಬೇಡ ಅನ್ನುತ್ತಾನೆ. ಅದು ಅವರ ಮರ್ಯಾದೆ. ಬಲವಂತ ಮಾಡಬೇಕು. ಬಲವಂತದಲ್ಲಿ ನಮ್ಮನ್ನು ಮೀರಿಸುವವರುಂಟೇ?

ಜಗಳ ಹತ್ತುವುದು ಕಾಫಿ ಬಂದಾಗ. ಅರೇಬಿಕಾ ಗಿಡದ ತವರು ನಮ್ಮದು ಎಂದು ಇಥಿಯೋಪಿಯಾದವನು. ಅದನ್ನು ಬೆಳೆದು ಮೋಕಾ ಬಂದರಿನಿಂದ ಜಗತ್ತಿಗೆ ಕುಡಿಸಿದವರು ನಾವು ಎಂದು ಯೆಮೆನಿನವನು. ನಮ್ಮ ಹುಡುಗ ಸುಮ್ಮನಿರಬಾರದೆ? ಬಾಬಾ ಬುಡನ್ ಯೆಮೆನಿನಿಂದ 7 ಬೀಜ ಗುಟ್ಟಾಗಿ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರಂತೆ ಎಂಬ ಕಥೆಯನ್ನು ಹೆಮ್ಮೆಯಿಂದ ಬಿಚ್ಚಿದ. ಇಬ್ಬರೂ ಜಗಳ ಬಿಟ್ಟು ಒಂದಾದರು. ಹಾಗಾದರೆ ಬಾಕಿ ತೀರಿಸು ಎಂದು ಬಿಲ್ಲನ್ನು ಅವನತ್ತ ತಳ್ಳಿದರು.

ಸ್ನೇಹ ಬೇಕಿದ್ದವರು ಧಾರಾಳವಾಗಿ ಕಾಫಿ ಕುಡಿಯಿರಿ. ಅದರ ಚರಿತ್ರೆಯನ್ನು ಮಾತ್ರ ಬಿಲ್ಲು ಬರುವ ಮೊದಲು ಎತ್ತಬೇಡಿ.