ನಲವತ್ತೆರಡು ಹಲ್ಲು

ಮುಧೋಳದಲ್ಲಿ ಒಮ್ಮೆ ಶ್ವಾನ ಪ್ರದರ್ಶನ ನೋಡಿದ್ದೆ. ಅಲ್ಲಿನ ಜಡ್ಜು ನಾಯಿಯ ಬೆನ್ನ ಮೇಲೆ ಕೈಯಾಡಿಸಿ ‘ಹ್ಞೂಂ’ ಅಂದರು. ಆ ‘ಹ್ಞೂಂ’ ಒಂದನ್ನು ನಮ್ಮೂರು ಲಚ್ಯಾಣಕ್ಕೆ ತಂದು, ಕಟ್ಟೆಯ ಮೇಲೆ ಕೂತು ಪಂಡಿತನಾದೆ. ಮುಧೋಳ ನಾಯಿಯ ಕಥೆಯಲ್ಲಿ ಬರುವ ಮಾಲೋಜಿರಾವ್ ಘೋರ್ಪಡೆ ಮಹಾರಾಜರು, ಐದನೇ ಜಾರ್ಜ್, 2005ರ ಅಂಚೆಚೀಟಿ, 2016ರಲ್ಲಿ ಸೈನ್ಯಕ್ಕೆ ಹೋದ ಮರಿಗಳು, ಎಲ್ಲ ಬಾಯಿಪಾಠ. ಇದೇ ನಾಯಿಯನ್ನು ಕೆನಲ್ ಕ್ಲಬ್ ಆಫ್ ಇಂಡಿಯಾದವರು ‘ಕಾರವಾನ್ ಹೌಂಡ್’ ಅಂತಾರೆ ಎಂದಾಗಲೆಲ್ಲ ನನ್ನ ದನಿ ತಾನಾಗಿಯೇ ಏರುತ್ತಿತ್ತು. ಮುಧೋಳ ಅನ್ನಲು ಇವರಿಗೇನು ನಾಲಿಗೆ ತಿರುಗುವುದಿಲ್ಲವೇ?

ಪಕ್ಕದ ಮನೆಯ ಕಾಕಾ ನಾಯಿ ತಂದರು. “ಮಾಸ್ತರ, ಜಾತಿ ಖರೇ ಐತೋ ಇಲ್ಲೋ ನೋಡ್ರಿ.”

ಹೆಂಡತಿಯ ಹೊಲಿಗೆ ಟೇಪು ಕೊರಳಿಗೆ ಹಾಕಿಕೊಂಡು ಹೋದೆ. ಗಂಡು ನಾಯಿಯ ಭುಜದೆತ್ತರ 68ರಿಂದ 72 ಸೆಂಟಿಮೀಟರ್ ಇರಬೇಕು. ಟೇಪು ಹಿಡಿದೆ, ನಾಯಿ ಕೂತಿತು. ಎಬ್ಬಿಸಿದೆ, ಮಲಗಿತು. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ ನೋಡಿ ‘ಹ್ಞೂಂ’ ಅಂದೆ. ಯಾರಿಗೂ ಸಮಾಧಾನವಾಗಲಿಲ್ಲ. “ಹಲ್ಲು ನೋಡ್ರಿ” ಅಂತ ಒಬ್ಬರು. ಖಿಲಾರಿ ಎತ್ತಿನ ಬಾಯಿ ಬಿಡಿಸಿ ನೋಡದೆ ದುಡ್ಡು ಬಿಚ್ಚದ ಜನ!

ನಾಯಿಗೆ 42 ಹಲ್ಲು. ತುಟಿ ಎತ್ತಿ ಎಣಿಸತೊಡಗಿದೆ. ಹದಿನೇಳಕ್ಕೆ ಅದು ನನ್ನ ಮೂಗು ನೆಕ್ಕಿತು. ಮತ್ತೆ ಒಂದರಿಂದ. ಇಪ್ಪತ್ಮೂರಕ್ಕೆ ಆಕಳಿಸಿತು, ಒಳಗಿನ ದವಡೆ ಹಲ್ಲು ಸಿಕ್ಕವೆಂದು ನಾನು ತಲೆಯನ್ನೇ ಒಳಗಿಟ್ಟೆ. ಹಸಿ ರೊಟ್ಟಿ, ಹಳೇ ಮಜ್ಜಿಗೆಯ ವಾಸನೆ. “ಮಾಸ್ತರ, ಎಷ್ಟಾದವು?” “ಸುಮ್ಕಿರ್ರಿ, ಮೂವತ್ತೊಂದು!” ಅಂದೆನೋ ಇಲ್ಲವೋ, ಬಾಯಿ ಮುಚ್ಚಿತು. ಪುಣ್ಯಕ್ಕೆ ತಲೆ ಈಚೆ ಬಂದಿತ್ತು. ಟೇಪು ಬಂದಿರಲಿಲ್ಲ.

“ಸೊರಗೇತಿ, ಉಣ್ಣಾಕ ಹಾಕೂದಿಲ್ಲೇನೋ?” ಎಂದಳೊಬ್ಬ ಆಯಿ. ತಳಿಯೇ ಹಾಗೆ ಅನ್ನಲು ಬಾಯಿ ತೆರೆದವನಿಗೆ ಕೊರಳ ಸುತ್ತ ಕೂದಲುದುರಿದ ಪಟ್ಟಿ ಕಂಡಿತು. ಎರಡು ಮೊಳದ ಸರಪಳಿ. ಓಡಲೆಂದೇ ಹುಟ್ಟಿದ ಕಾಲುಗಳು ಗೂಟದ ಸುತ್ತ ಮಣ್ಣಲ್ಲಿ ಗುಂಡಗೆ ಹಾದಿ ತುಳಿದಿದ್ದವು. ಅಷ್ಟು ಹೊತ್ತು ಅಳೆದ ನನಗೆ ಅದೊಂದು ಕಂಡಿರಲಿಲ್ಲ.

“ನಡಿಗಿ ನೋಡಬೇಕು ಕಾಕಾ, ಬಿಡ್ರಿ” ಅಂದೆ. ಜಡ್ಜಿನ ಗತ್ತಿಗೆ ಕಾಕಾ ಬಿಟ್ಟರು.

ನಡಿಗೆ ಯಾರು ನೋಡಿದರು! ನಿಂಬೆ ತೋಟ ದಾಟಿ ಸ್ಟೇಷನ್ ಕಡೆ ಒಂದು ಗೆರೆ ಎಳೆದಂತಾಯಿತು. ಹಿಂದೆ ಹಳದಿ ಟೇಪು ಬಾಲದಂತೆ ಹಾರುತ್ತಿತ್ತು. ಸಂಜೆ ತಾನೇ ಬಂತು.

ಟೇಪಿನಲ್ಲಿ 27 ಇಂಚು ಉಳಿದಿತ್ತು. “ಇದರಾಗ ಯಾರ ಜಂಪರ್ ಹೊಲೀಲಿ?” ಅಂದಳು ಹೆಂಡತಿ. ನಾನು ‘ಹ್ಞೂಂ’ ಅಂದೆ.