ಹೆಲ್ಮೆಟ್ಟಿಗೆ ಸುಳಿ ನೋಡುವ ಶಾಸ್ತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಹೆಲ್ಮೆಟ್ಟಿನ ಸ್ಥಾನ ಯಾವುದು ಎಂಬುದೇ ಈ ಶಾಸ್ತ್ರದ ಮೊದಲ ಪ್ರಶ್ನೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಎಂಬುದು ಪ್ರಾಚೀನರ ಮತ. ಮೊಣಕೈಯಲ್ಲಿ ಎಂಬುದು ನವೀನರದ್ದು. ಕನ್ನಡಿಗೆ ನೇತುಹಾಕುವ ಮೂರನೆಯ ಪಂಥವೂ ಒಂದಿದೆ. ಪೊಲೀಸರು ಕಂಡೊಡನೆ ಅದು ತಲೆಗೇರತಕ್ಕದ್ದು ಎಂಬಲ್ಲಿ ಮಾತ್ರ ಮೂವರಿಗೂ ಭಿನ್ನಮತವಿಲ್ಲ. ಕರ್ನಾಟಕದಲ್ಲಿ ದಂಡ 500 ರೂಪಾಯಿ. ತಲೆಯ ಬೆಲೆಯೂ ಅಷ್ಟೇ ಎಂದು ಲೌಕಿಕರು ಲೆಕ್ಕ ಮುಗಿಸಿದ್ದಾರೆ.

ಮೂಲ ಹುಡುಕಿ ಹೊರಟ ಪಂಡಿತ ಇಂಗ್ಲೆಂಡಿಗೆ ಹೋಗಿ ಮುಟ್ಟುತ್ತಾನೆ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದವನು 1935ರ ಮೇ ತಿಂಗಳಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನನ್ನು ನೋಡಿದ್ದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸ್, ಸೇನೆಯ ಸವಾರರ ತಲೆಪೆಟ್ಟುಗಳ ಬಗ್ಗೆ 1941ರಲ್ಲಿ ಬರೆದು ಹೆಲ್ಮೆಟ್ ಬೇಕೆಂದರು. ಮುಂದೆ 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬೈಕು ಹೊರಬಿಟ್ಟಿತು. ನಮ್ಮವರು ಟವೆಲ್ಲು ಸುತ್ತಿಕೊಂಡೇ ಓಡಿಸಿದರು. ಅವರನ್ನು ದೂರಲಾಗದು. ಟವೆಲ್ಲು ಬೆವರೊರೆಸುತ್ತದೆ, ಸಂತೆಯಿಂದ ಸೊಪ್ಪು ಕಟ್ಟಿಕೊಂಡು ಬರುತ್ತದೆ, ಬಸ್ಸಿನಲ್ಲಿ ಸೀಟು ಹಿಡಿಯುತ್ತದೆ. ಹೆಲ್ಮೆಟ್ಟು ಮಾಡುವುದು ಒಂದೇ ಕೆಲಸ, ಅದನ್ನೂ ಬಿದ್ದರೆ ಮಾತ್ರ.

ಇದೇ ಜನ ಕಾವೇರಿ ದಡದ ಚುಂಚನಕಟ್ಟೆ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಹೊಗೆಸೊಪ್ಪನ್ನು ಎರಡು ಬೆರಳಲ್ಲಿ ಹೊಸಕಿ ದರ್ಜೆ ಹೇಳುತ್ತಾರೆ. ಹೆಲ್ಮೆಟ್ಟಿಗೆ ಬಂದಾಗ ಬಣ್ಣ ನೋಡಿ ದುಡ್ಡು ಎಣಿಸುತ್ತಾರೆ. ಆದ್ದರಿಂದ ಈ ಪ್ರಬಂಧಕಾರನ ಸಿದ್ಧಾಂತ: ಹೆಲ್ಮೆಟ್ಟನ್ನು ಎತ್ತು ಕೊಂಡ ಹಾಗೆ ಕೊಳ್ಳಬೇಕು.

ಪ್ರಯೋಗಕ್ಕೆ ಸಾಲಿಗ್ರಾಮದ ಕಡೆಯ ನನ್ನ ಮಾವನವರು ಒಪ್ಪಿದರು. ಎತ್ತಿನ ವ್ಯಾಪಾರದಲ್ಲಿ ಪಳಗಿದ ಕೈ. ರಸ್ತೆಬದಿಯಲ್ಲಿ ಒಬ್ಬ ಟಾರ್ಪಾಲಿನ ಮೇಲೆ ಕುಂಬಳಕಾಯಿ ಹರವಿದಂತೆ ಹೆಲ್ಮೆಟ್ಟು ಹರವಿಕೊಂಡಿದ್ದ.

ಮೊದಲು ಸುಳಿ, ಅರ್ಥಾತ್ ಐಎಸ್‌ಐ ಗುರುತು. ಅದರ ಮೇಲೆ ಐಎಸ್ 4151 ಎಂದಿರಬೇಕು, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಅಂಟಿಸುವ ಕೈಗೆ ಬರವಿಲ್ಲದ ಕಾಲವಾದ್ದರಿಂದ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡತಕ್ಕದ್ದು. 2021ರ ಜೂನ್ 1ರಿಂದ ಸುಳಿಯಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಇಲ್ಲಿ ಗುರುತಿತ್ತು, ಸಂಖ್ಯೆ ಇರಲಿಲ್ಲ.

“ಅಪ್ಪನ ಹೆಸರಿಲ್ಲದ ಜಾತಕ ಕಣಪ್ಪ ಇದು” ಎಂದರು ಮಾವ.

“ಯಜಮಾನ್ರೇ, ಇನ್ನೂರೈವತ್ತಕ್ಕೆ ಅಪ್ಪನ ಹೆಸರೂ ಬೇಕಾ?” ಎಂದ ಅವನು. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಆಮೇಲೆ ಬಾಯಿ ಬಿಡಿಸಿದರು. ಒಳಬಟ್ಟೆಯ ಹಿಂದೆ ಗಟ್ಟಿ ಥರ್ಮಾಕೋಲಿನ ಪದರವಿರಬೇಕು. ಬಿದ್ದಾಗ ಪೆಟ್ಟನ್ನು ನುಂಗಿ ಜಜ್ಜಿಹೋಗುವುದು ಅದೇ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಜೋರಾಗಿ ಬಿದ್ದೆದ್ದ ಹೆಲ್ಮೆಟ್ಟು ಹೊರಗೆ ಎಷ್ಟೇ ಹೊಳೆದರೂ ದಂಡ. ಮಾವನವರು ಬೆರಳು ಒತ್ತಿದರು. ತೆಳು ಸ್ಪಂಜು, ಅದರಾಚೆ ನೇರ ಪ್ಲಾಸ್ಟಿಕ್ಕು.

“ಅಳಿಯಂದ್ರೆ, ಇದಕ್ಕೆ ಹಲ್ಲೇ ಇಲ್ಲ.”

ಪೇಟೆಯ ಅಂಗಡಿಗೆ ಹೋದೆವು. ಇಲ್ಲಿ ಶಾಸ್ತ್ರದ ಅತಿ ಜಟಿಲ ಅಧಿಕರಣ: ತಲೆ ಎಂದರೆ ಟವೆಲ್ಲು ಸಹಿತವೋ, ರಹಿತವೋ? ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಟೇಪು ಸುತ್ತಿದರೆ ಬರಿ ತಲೆ 58 ಸೆಂಟಿಮೀಟರ್, ಎಂದರೆ 580ರ ಸೈಜು. ಟವೆಲ್ಲಿನ ತಲೆಗೆ ಅಂಗಡಿಯಲ್ಲಿ ಸೈಜೇ ಇರಲಿಲ್ಲ. ಅರ್ಧ ಗಂಟೆಯ ವಾದದ ಬಳಿಕ ಟವೆಲ್ಲು ಹೆಗಲಿಗಿಳಿಯಿತು. ಹೆಲ್ಮೆಟ್ಟು ಹಾಕಿ “ಕೆನ್ನೆ ಹಿಂಡ್ತದೆ” ಎಂದರು. ಹಿಂಡಬೇಕು. ಹಿಡಿದು ಆಚೀಚೆ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಬರಬೇಕು. ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆ ತಳ್ಳಿದರೂ ಕಳಚಬಾರದು. ಕಳಚಲಿಲ್ಲ.

ಅಂದದ ವಿಚಾರ ಸಂಕ್ಷಿಪ್ತ. ಮೊಮ್ಮಗ ಕಪ್ಪು ಗಾಜಿನದೇ ಆಗಬೇಕೆಂದು ಹೇಳಿ ಕಳಿಸಿದ್ದ. ಎಚ್.ಡಿ. ಕೋಟೆ ರಸ್ತೆಯಲ್ಲಿ ಮುಸ್ಸಂಜೆ ಕಪ್ಪು ಗಾಜು ಇಳಿಸಿಕೊಂಡವನಿಗೆ ಎತ್ತಿನ ಗಾಡಿಯೂ ಕಾಣದು, ಅಂತರಸಂತೆ ದಾಟಿದರೆ ಆನೆಯೂ ಕಾಣದು. ಬಿಳಿ ಗಾಜೇ ಗೆದ್ದಿತು. ಹಿಂದೆ ಕೂರುವವರಿಗೂ ರಾಜ್ಯದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ. ಅತ್ತೆಯವರ ಮೊಳ ಮಲ್ಲಿಗೆ ಎಲ್ಲಿ ಹೋಗಬೇಕೆಂಬ ಪ್ರಶ್ನೆ ಪ್ರತ್ಯೇಕ ಗ್ರಂಥವನ್ನೇ ಬೇಡುವುದರಿಂದ ಇಲ್ಲಿ ಕೈಬಿಡಲಾಗಿದೆ.

ಬೆಲೆ ಕುದುರಿಸಲು ಮಾವನವರು ಜಾತ್ರೆಯ ರೂಢಿಯಂತೆ ಟವೆಲ್ಲಿನಡಿ ಬೆರಳು ಚಾಚಿದರು. ಅಂಗಡಿಯ ಹುಡುಗ ಕೈಕುಲುಕಿದ.

ಹದಿನೈದು ದಿನ ಬಿಟ್ಟು ಸಾಲಿಗ್ರಾಮಕ್ಕೆ ಹೋದೆ. ಮಾವನವರು ಗದ್ದೆಯಿಂದ ಬೈಕಿನಲ್ಲಿ ಬರುತ್ತಿದ್ದರು. ಹೆಲ್ಮೆಟ್ಟು ತಲೆಯ ಮೇಲೇ ಇತ್ತು, ಪಟ್ಟಿಯೂ ಬಿಗಿದಿತ್ತು. ಹೆಲ್ಮೆಟ್ಟಿನ ಮೇಲೆ ಅಚ್ಚುಕಟ್ಟಾಗಿ ಟವೆಲ್ಲು ಸುತ್ತಿದ್ದರು.

“ಬಿಸ್ಲಿಗೆ ಬಣ್ಣ ಹೋಯ್ತದೆ, ಅಳಿಯಂದ್ರೆ.”